ಹೆಳವನ ಪುಸ್ತಕದ ಅಂಚು

ಶ್ರೀ ಬೀರಲಿಂಗ ಪ್ರಸನ್ನ

ಯಂಕಂಚಿ, ತಾಲೂಕು ಸಿಂದಗಿ
ತಾ. 14-3-1976, ರವಿವಾರ

ಮುದ್ದೇಬಿಹಾಳದಲ್ಲಿ ಮಕ್ಕಳ ಕಿವಿ ಹಿಂಡುತ್ತ ಸುಖವಾಗಿರುವ ಚಿರಂಜೀವಿ ರೇವವ್ವ ಅಕ್ಕೋರಿಗೆ ನಿನ್ನ ಅಮಸಿದ್ದ ಕಾಕಾ ತಲೆ ಮುಟ್ಟಿ ಮಾಡುವ ಆಶೀರ್ವಾದ.

ನಾನು, ನಿನ್ನ ಕಾಕಿ, ಎರಡು ಎತ್ತು, ನಲವತ್ತೊಂದು ಕುರಿ ಎಲ್ಲರೂ ನೆಟ್ಟಗಿದ್ದೇವೆ. ಜೋಳ ರಾಶಿಯಾಗಿ ಮನೆ ಸೇರಿದೆ. ನಿನ್ನ ಪತ್ರ ಬಂದು ಇಪ್ಪತ್ತಾರು ದಿನವಾಯಿತು, ಕಾಕಾ ಉತ್ತರ ಬರೆಯಲಿಲ್ಲ ಎಂದು ಸಿಟ್ಟಾಗಿರಬೇಕು. ಆಗು, ಬೇಡ ಅನ್ನುವುದಿಲ್ಲ. ಆದರೆ ಈ ಇಪ್ಪತ್ತಾರು ದಿನದಲ್ಲಿ ನಾನು ತಿರುಗಿದಷ್ಟು ಊರು ಸಿಂದಗಿಯ ತಹಶೀಲ್ದಾರನೂ ತಿರುಗಿರಲಿಕ್ಕಿಲ್ಲ. ಎರಡು ಇನ್‌ಲ್ಯಾಂಡ್ ಪತ್ರ ಬರೆದು ಹರಿದೆ. ನನ್ನ ಸಾಹಸ ಅಷ್ಟು ಸಣ್ಣ ಕಾಗದದಲ್ಲಿ ಹಿಡಿಯಲಿಲ್ಲ. ಅದಕ್ಕೆ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದೇನೆ. ನಾಲ್ಕನೇ ಇಯತ್ತೆ ಕಲಿತವನ ಅಕ್ಷರ ಇದು. ಕೆಂಪು ಮಸಿಯಲ್ಲಿ ತಿದ್ದಿ ತಿರುಗಿ ಕಳಿಸಬೇಡ.

ನೀನು ಬರೆದದ್ದು ಆರೇ ಸಾಲು. ನನಗೆ ಬಾಯಿಪಾಠವಾಗಿದೆ. ‘ಕಾಕಾ, ಹೂವಿನ ಹಿಪ್ಪರಗಿಯವರು ನಿಶ್ಚಯಕ್ಕೆ ಮೊದಲು ಹೆಳವನ ಬಾಯಲ್ಲಿ ನಮ್ಮ ವಂಶ ಕೇಳುತ್ತಾರಂತೆ. ಹೆಳವನ ಪುಸ್ತಕದಲ್ಲಿ ನಾನು ಹುಚ್ಚವ್ವನ ಮಗಳು ಎಂದು ಇದೆ. ಅಪ್ಪನೇ ಹಾಗೆ ಬರೆಸಿದ. ಆ ಸಿಟ್ಟಿಗೆ ಅವನು ಕಡೆಗಾಲದಲ್ಲಿ ಹಾಸಿಗೆ ಹಿಡಿದಾಗಲೂ ನಾನು ರಜೆ ಹಾಕಿ ಬರಲಿಲ್ಲ. ನನ್ನನ್ನು ಹೆತ್ತವಳು ಶಂಕ್ರೆವ್ವ. ಅವಳ ಹೆಸರು ಬರೆಸು, ಇಲ್ಲದಿದ್ದರೆ ಈ ಲಗ್ನ ನನಗೆ ಬೇಡ.’

ಮೂರನೇ ಸಾಲಿನ ವಿಷಯ ಈಗ ಬೇಡ. ಉಳಿದದ್ದಕ್ಕೆ ಬರುತ್ತೇನೆ.

ನಿನಗೆ ಗೊತ್ತಿದ್ದದ್ದೇ ಇದು, ಆದರೂ ನಾನು ಕ್ರಮವಾಗಿ ಹೇಳುವ ಮನುಷ್ಯ. ಹುಚ್ಚವ್ವ ನಿನ್ನಪ್ಪ ಬೀರಣ್ಣನ ಮೊದಲ ಹೆಂಡತಿ. ಮಕ್ಕಳಿಲ್ಲದೆ ಜ್ವರದಲ್ಲಿ ಹೋದಳು. ಶಂಕ್ರೆವ್ವ ಇಂಡಿ ಕಡೆಯವಳು, ಗಂಡ ಸತ್ತು ತವರಿಗೆ ಬಂದು ಕೂತವಳು. ನಿನ್ನಪ್ಪ ಅವಳಿಗೆ ಸೀರೆ ಉಡಿಸಿ, ಉಡಿಕೆ ಮಾಡಿಕೊಂಡು ಕರೆತಂದ. ನಮ್ಮ ಕುಲದಲ್ಲಿ ಉಡಿಕೆಗೆ ಅಡ್ಡಿಯಿಲ್ಲ. ಅಡ್ಡಿ ಹುಟ್ಟುವುದು ಉಡಿಕೆಯವಳ ಮಕ್ಕಳಿಗೆ ಸಂಬಂಧ ನೋಡುವಾಗ. ಆಗ ಎಲ್ಲರಿಗೂ ತಮ್ಮ ಕಂಬಳಿ ಒಂದು ಗೇಣು ಎತ್ತರ ಹಾಸಿದೆ ಅನ್ನಿಸುತ್ತದೆ. ನೀನು ಮೂರು ವರ್ಷದವಳಿದ್ದಾಗ ಶಂಕ್ರೆವ್ವನೂ ಹೋದಳು. ಅವಳನ್ನು ಕಂಡವರು ಊರಲ್ಲಿ ಐವತ್ತು ಜನ ಇದ್ದಾರೆ. ಬರಹದಲ್ಲಿ ಮಾತ್ರ ಅವಳು ಇಲ್ಲ.

ಮೊದಲು ನಿನ್ನ ಮಾಳಿಂಗಪ್ಪ ದೊಡ್ಡಪ್ಪನ ಕಡೆ ಹೋದೆ. ಕುಲದ ಹಿರಿಯ ಅಂತ ಮೀಸೆಗೆ ಎಣ್ಣೆ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

“ಅಣ್ಣಾ, ಹೆಳವನ ಪುಸ್ತಕದಾಗ ಶಂಕ್ರೆವ್ವನ ಹೆಸರು ಬರಸಬೇಕು,” ಅಂದೆ.

“ಯಾಕಲೇ, ಅನ್ನ ಅರಗವಲ್ದೇನು? ಪುಸ್ತಕದಾಗಿನ ಮಾತು ನಮ್ಮ ಕಡೆ ಐತಿ. ಹೆಳವ ಪರಸಪ್ಪ ಓದ್ತಾನ, ಹಿಪ್ಪರಗಿಯವರು ಕೇಳ್ತಾರ, ಸಕ್ಕರಿ ಹಂಚಿ ಬರೂನು. ನಡುವ ನಿಂದೇನು?”

“ಹುಡುಗಿ ವಲ್ಲೆ ಅಂತಾಳ.”

“ಹುಡುಗಿ ಅನ್ನಾಕ ಏನೈತಿ. ಹಿರ್ಯಾರು ಬರಸಿದ್ದು ಅದು. ಶಂಕ್ರೆವ್ವನ ಮಗಳು ಅಂತ ಎಲ್ಲಿ ಬರದೈತಿ, ತಂದು ತೋರ್ಸು ನನಗ. ನಿನ್ನ ಬಾಯಿ ಮಾತು ಈ ಊರಾಗ ಎಂದರ ನಡದೈತೇನು?”

ಕಡೆಯ ಮಾತು ನನಗೆ ನಾಟಿತು. ನಾನು ಸ್ವಲ್ಪ ಹೆಚ್ಚಿಗೆ ಹೇಳುವವನು ಹೌದು. ನಮ್ಮ ಮೂಲಪುರುಷ ವಿಜಾಪುರದ ಬಾದಶಹನ ಕುದುರೆ ಸವಾರ ಎಂದು ಮೂವತ್ತು ವರ್ಷ ಊರಿಗೆಲ್ಲ ಹೇಳಿದೆ. ಹೋದ ವಾರ ಹೆಳವನಿಂದ ಸರಿಯಾಗಿ ಕೇಳಿದರೆ, ಆ ಪುಣ್ಯಾತ್ಮನ ಟಗರು ಭೀಮಾ ನದಿಯ ಆಚೆಯ ಊರಿನ ಗೌಡನ ಹಿಂಭಾಗಕ್ಕೆ ಗುದ್ದಿತಂತೆ. ರಾತ್ರೋರಾತ್ರಿ ಹಟ್ಟಿ ಕಿತ್ತುಕೊಂಡು ಇಲ್ಲಿಗೆ ಬಂದನಂತೆ. ಕುದುರೆಯ ಸುದ್ದಿ ಎಲ್ಲೂ ಇಲ್ಲ. ಇದನ್ನು ನಿನಗೆ ಮಾತ್ರ ಬರೆದಿದ್ದೇನೆ.

ಬರೆದದ್ದು ತೋರಿಸು ಅಂದನಲ್ಲ, ಹುಡುಕಲು ಹೊರಟೆ. ನಮ್ಮೂರಿನ ಕುಲಕರ್ಣಿಯಾಗಿದ್ದ ಗೋವಿಂದರಾಯರಿಗೆ ಒಂದು ಚಟವಿತ್ತು. ಊರಲ್ಲಿ ಹುಟ್ಟಿದವರು, ಸತ್ತವರು ಎಲ್ಲವನ್ನೂ ಸರಕಾರಕ್ಕೊಂದು ಪ್ರತಿ, ತಮಗೊಂದು ಪ್ರತಿ ಬರೆದಿಡುತ್ತಿದ್ದರು. ಅವರು ತೀರಿ ಎಷ್ಟೋ ವರ್ಷವಾಯಿತು, ಪುಸ್ತಕ ಅವರ ಹೆಂಡತಿ ವೆಂಕೂಬಾಯಿಯವರ ಟ್ರಂಕಿನಲ್ಲಿದೆ. ಹೋಗಿ ಬಾಗಿಲಲ್ಲಿ ನಿಂತೆ.

“ಯಾರು, ಅಮಸಿದ್ದನ? ಅಲ್ಲೇ ನಿಂದರು. ನೀ ಬಂದು ಹೋದಿ ಅಂದ್ರ ಹಿತ್ತಲದಾಗ ಪೇರಲಹಣ್ಣು ಕಡಿಮಿ ಆಗ್ತಾವ.”

“ಅದು ಸಣ್ಣಾಂವ ಇದ್ದಾಗಿನ ಮಾತ್ರೀ ಅವ್ವಾರ.”

“ಹೋದ ವರ್ಷದ ಮಾತು ಹೇಳ್ಲಿಕ್ಕತ್ತೀನಿ ನಾ.”

ಬಂದ ಕೆಲಸ ಹೇಳಿದೆ. “ನಮ್ಮವರು ಬರದಿಟ್ಟದ್ದನ್ನ ಪುಣೆಯಾಗಿರೋ ನನ್ನ ಮಕ್ಕಳೇ ಒಂದಿನ ತೆಗದು ನೋಡಲಿಲ್ಲ. ಈಗ ನೀ ಬಂದಿ ನೋಡು,” ಅನ್ನುತ್ತ ಒಳಗೆ ಹೋದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಪುಸ್ತಕ ತಂದು ಪಡಸಾಲೆಯಲ್ಲಿ ಬಿಚ್ಚಿದರು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿತ್ತು. ಬೆರಳಿಟ್ಟು ಅವರೇ ಓದಿದರು. ಹುಚ್ಚವ್ವ, ಬೀರಣ್ಣನ ಹೆಂಡತಿ, ಮರಣ, ಒಂಬತ್ತನೇ ಆಗಸ್ಟ್, ಹತ್ತೊಂಬತ್ತು ನೂರಾ ಐವತ್ತು. ಮುಂದಿನ ಪುಸ್ತಕದಲ್ಲಿ ಬೀರಣ್ಣನ ಹೆಣ್ಣು ಕೂಸು, ಜನನ, ಮೂರನೇ ನವೆಂಬರ್, ಐವತ್ತೆರಡು. ತಾಯಿಯ ಹೆಸರು ಇರಬೇಕಾದಲ್ಲಿ ಒಂದು ಗೀಟು.

“ಗೀಟು ಯಾಕ್ರೀ?”

“ಹೇಳಿದವರು ಹೇಳಿರಲಿಕ್ಕಿಲ್ಲ. ಇವರು ಕೇಳಿರಲಿಕ್ಕಿಲ್ಲ. ಗಂಡಸರು ಗಂಡಸರು ಕೂತು ಬರದದ್ದು,” ಅಂದರು ವೆಂಕೂಬಾಯಿ.

ಎರಡೂ ಪುಸ್ತಕ ಕೊಟ್ಟರು. ಕೊಡುವಾಗ ಹೇಳಿದ್ದು: “ಕುರಿ ಬಾಯಾಗ ಸಿಕ್ಕಿದ್ವೋ, ನಿನ್ನ ಹೆಸರು ಸತ್ತವರ ಪುಸ್ತಕದಾಗ ನಾನೇ ಬರೀತೀನಿ.”

ಅರ್ಧ ಕೆಲಸ ಆಯಿತು. ಹುಚ್ಚವ್ವ ನಿನ್ನ ತಾಯಿ ಅಲ್ಲ ಎಂದು ಸಿಕ್ಕಿತು. ಶಂಕ್ರೆವ್ವ ತಾಯಿ ಹೌದು ಅನ್ನಲು ಬೇರೊಬ್ಬರು ಬೇಕು. ಆಗ ನಿನ್ನನ್ನು ಹೊರಗೆ ತೆಗೆದ ಸೂಲಗಿತ್ತಿ ಜನ್ನತಬಿಯ ನೆನಪಾಯಿತು. ಈಗ ಇಂಡಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಸಿಂದಗಿಯಲ್ಲಿ ಬಸ್ಸು ಹತ್ತಿ, ಎರಡು ತಾಸು ಒಂದೇ ಕಾಲ ಮೇಲೆ ನಿಂತು ಹೋದೆ. ನಿಂಬೆ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದಳು. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಮಂಜಾಗಿಲ್ಲ.

“ಯಾವ ರೇವವ್ವ? ಬೀರಣ್ಣನ ಕೂಸ? ಹುಟ್ಟಿದಾಗ ಎಡಗಿವಿ ಮಡಚಿಕೊಂಡಿತ್ತು, ನಾನ ತಿಕ್ಕಿ ತಿಕ್ಕಿ ನೆಟ್ಟಗ ಮಾಡೇನಿ. ಈಗ ಹೆಂಗೈತಿ?”

“ನೆಟ್ಟಗೈತಿ. ಆದ್ರ ಯಾರ ಮಾತೂ ಕೇಳಂಗಿಲ್ಲ ಅದು,” ಅಂದೆ.

ನಕ್ಕಳು. ಆಮೇಲೆ ತಾನೇ ಹೇಳತೊಡಗಿದಳು. “ಶಂಕ್ರೆವ್ವ ಹಡಿಯೂ ಮುಂದ ಒಂದ ಸಲ ಚೀರಲಿಲ್ಲ ನೋಡು. ಕೂಸು ಬಿದ್ದ ಮ್ಯಾಲ ಮದಲ ಕೇಳಿದ್ದ ಏನು ಹೇಳು? ಕುರಿಗೆ ನೀರು ಕುಡಿಸ್ಯಾರೇನು ಅಂತ. ಎರಡನೇದ್ದು, ಹೆಣ್ಣೋ ಗಂಡೋ. ಹೆಣ್ಣು ಅಂದೆ. ಚಲೋ ಆತು, ನನ್ನ ಹೆಸರು ಹೇಳಾಕ ಒಬ್ಬಾಕಿ ಆದ್ಳು ಅಂದ್ಲು.”

ರೇವವ್ವ, ನಾನು ಅಳುವ ಮನುಷ್ಯ ಅಲ್ಲ. ಇಂಡಿಯ ಧೂಳು ಬಹಳ ಕೆಟ್ಟದ್ದು.

ಅವಳು ಹೇಳಿದ್ದನ್ನು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಏಳುವಾಗ ಮುದುಕಿ ನನ್ನ ಕೈ ಹಿಡಿದಳು. “ಹೆಳವ ಬಂದು ಬರಕೊಂಡು ಹೋದಾಗ ನೀ ಮನ್ಯಾಗ ಇದ್ದಿ ಅಲ್ಲೇನು ಬೇಟಾ?” ಕೊಟ್ಟ ಶರಬತ್ತು ಅರ್ಧಕ್ಕೇ ಇಟ್ಟೆ. ಬಸ್ಸಿಗೆ ಹೊತ್ತಾಯಿತು ಅಂದು ಎದ್ದು ಬಂದೆ.

ಅಲ್ಲಿಂದ ಹೆಳವನನ್ನು ಹಿಡಿಯಲು ಮನಗೂಳಿಗೆ. ಮೂರು ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುವ ನಮ್ಮ ಹೆಳವ ಪರಸಪ್ಪನನ್ನು ನೀನು ಕಂಡಿದ್ದೀ. ಟಗರಿನವನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಒಂದೇ ಉಸಿರಿನಲ್ಲಿ ಹೆಸರು ಹೇಳುತ್ತಾನೆ, ಹೊಸ ಹೆಸರು ಬರೆದುಕೊಳ್ಳುತ್ತಾನೆ, ಮೊರದಲ್ಲಿ ಕಾಳು ಇಸಿದುಕೊಂಡು ಹೋಗುತ್ತಾನೆ. ಕುಲಕರ್ಣಿಯ ಪುಸ್ತಕ, ಜನ್ನತಬಿಯ ಹೆಬ್ಬೆಟ್ಟು ಎರಡನ್ನೂ ಅವನ ಮುಂದೆ ಇಟ್ಟೆ. ಬಹಳ ಹೊತ್ತು ನೋಡಿದ.

“ಬರದದ್ದನ್ನ ಅಳಸಂಗಿಲ್ಲಪಾ. ಅದು ನಮ್ಮ ಹಿರ್ಯಾರ ಆಣಿ. ಬಾಜೂಕ ಬರೀಬೌದು. ಅದೂ ನಾಕು ಮಂದಿ ಮುಂದ ಹೇಳಿಸಿಕೊಂಡು ಬರೀಬೇಕು,” ಅಂದ. ಇನ್ನೂ ಒಂದು ಮಾತು ಅಂದ. ಅದು ಇರಲಿ.

ನಾಳೆ ಸೋಮವಾರ ಹಿಪ್ಪರಗಿಯಲ್ಲಿ ಕೂಟ. ಮಾಳಿಂಗಪ್ಪ ಪುಸ್ತಕ ಇದ್ದಂತೆ ಓದಿಸಿ ಸಕ್ಕರೆ ಹಂಚುವ ಹುನ್ನಾರದಲ್ಲಿದ್ದಾನೆ. ನನ್ನ ಚೀಲದಲ್ಲಿ ಏನಿದೆ ಎಂದು ಅವನಿಗೆ ಗೊತ್ತಿಲ್ಲ. ಕೇಳಿದ್ದಕ್ಕೆ ಬುತ್ತಿ ಅಂದಿದ್ದೇನೆ.

17-3-1976, ಬುಧವಾರ

ಮುಂದುವರಿಸುತ್ತೇನೆ.

ಹಿಪ್ಪರಗಿಯಲ್ಲಿ ಹುಡುಗನ ತಂದೆ ಲಗಮಣ್ಣನ ಅಂಗಳದಲ್ಲಿ ಕರಿ ಕಂಬಳಿ ಹಾಸಿ, ಭಂಡಾರ ಇಟ್ಟು ಪೂಜೆ ಮಾಡಿದರು. ಇಪ್ಪತ್ತು ಜನ ಇದ್ದರು. ಲಗಮಣ್ಣನ ತಾಯಿ ಯಲ್ಲವ್ವ, ಎಂಬತ್ತರ ಮುದುಕಿ, ಕಂಬಕ್ಕೆ ಒರಗಿ ಎಲೆ ಕುಟ್ಟುತ್ತಿದ್ದಳು. ಪರಸಪ್ಪ ಪುಸ್ತಕ ಬಿಚ್ಚಿ ಓದಲು ಶುರು ಮಾಡಿದ. ಟಗರಿನವನು ಬಂದ, ಅವನ ಮಗ ಬಂದ, ಒಂಬತ್ತು ತಲೆಮಾರು ದಾಟಿ ನಿನ್ನಪ್ಪನ ಹೆಸರು ಬಂತು. “ಬೀರಣ್ಣನ ಹೆಂಡತಿ ಹುಚ್ಚವ್ವ, ಅವರ ಹೊಟ್ಟೀಲೆ ರೇವವ್ವ,” ಅಂದು ಪರಸಪ್ಪ ನಿಂತ. ನನಗಾಗಿಯೇ ನಿಂತ ಅನ್ನುವುದು ನನ್ನ ಅಂದಾಜು.

ಎದ್ದೆ. “ತಡಿ ಪರಸಪ್ಪ. ಅದು ಸುಳ್ಳೈತಿ.”

ಮಾಳಿಂಗಪ್ಪ ನನ್ನ ಧೋತರದ ಚುಂಗು ಹಿಡಿದು ಜಗ್ಗಿದ. “ಕುಂಡ್ರಲೇ. ಬೀಗರ ಮನ್ಯಾಗ ನಿಂದೇನು ಆಟ?”

“ಆಟ ಅಲ್ಲಣ್ಣಾ. ನೀನ ಅಲ್ಲೇನು ಬರದದ್ದು ತೋರ್ಸು ಅಂದಾಂವ?” ಅಂದು ಚೀಲದಿಂದ ಪುಸ್ತಕ ತೆಗೆದೆ. “ಹುಚ್ಚವ್ವ ಸತ್ತದ್ದು ಐವತ್ತನೇ ಇಸ್ವಿ. ಹುಡುಗಿ ಹುಟ್ಟಿದ್ದು ಐವತ್ತೆರಡು. ಸತ್ತಾಕಿ ಎರಡು ವರ್ಷದ ಮ್ಯಾಲ ಎದ್ದು ಬಂದು, ಹಡದು, ತಿರುಗಿ ಹೋಗಿ ಮಲಗಿದ್ಳೇನು? ಹಂಗಿದ್ರ ಆಕಿಗೊಂದು ಗುಡಿ ಕಟ್ಟಸೂನು. ಕಲ್ಲು ನಾನ ಹೊರ್ತೇನಿ.”

ಹಿಂದೆ ಕೂತ ಹುಡುಗರು ಕಿಸಕ್ಕನೆ ನಕ್ಕರು. ಲಗಮಣ್ಣ ನಗಲಿಲ್ಲ.

“ಹಂಗಾರ ಹುಡುಗಿ ಯಾರ ಮಗಳು?”

“ಶಂಕ್ರೆವ್ವನ ಮಗಳು. ಉಡಿಕಿ ಆಗಿ ಬಂದಾಕಿ. ನಮ್ಮ ಅಣ್ಣನ ಕೂಡ ಐದು ವರ್ಷ ಬಾಳೇ ಮಾಡಿ, ನಮ್ಮ ಮನ್ಯಾಗ ಸತ್ತಾಳ.”

ಅಂಗಳದಲ್ಲಿ ಯಲ್ಲವ್ವನ ಎಲೆ ಕುಟ್ಟುವ ಸಪ್ಪಳವೂ ನಿಂತಿತು.

“ಇದನ್ನ ಮದಲ ಯಾಕ ಹೇಳಲಿಲ್ಲ ನೀವು?” ಅಂದ ಲಗಮಣ್ಣ.

“ಈಗ ಹೇಳಾಕತ್ತೇನಲ್ರಿ. ಅಕ್ಕಿಕಾಳು ಬಿದ್ದ ಮ್ಯಾಲ ಹೇಳಿದ್ರ ಆಗ ಕೇಳ್ರಿ ನೀವು. ಹುಡುಗಿ ಟ್ರೇನಿಂಗ್ ಕಲ್ತು ಸಾಲಿ ಅಕ್ಕೋರಾಗ್ಯಾಳ. ತಾಯಿ ಹೆಸರು ಮುಚ್ಚಿಟ್ಟು ನಿಮ್ಮ ಹೊಸ್ತಿಲ ದಾಟಂಗಿಲ್ಲ ಅಂದಾಳ. ಬೇಕಂದ್ರ ತಾಯಿ ಹೆಸರಿನ ಸುದ್ದಾ ತಗೋರಿ. ಬ್ಯಾಡಂದ್ರ ನಿಮ್ಮ ಸಕ್ಕರಿ ನಿಮ್ಮ ಡಬ್ಬ್ಯಾಗ ಇರಲಿ.”

ಈ ಮಾತು ಬಸ್ಸಿನಲ್ಲಿ ಬರುತ್ತ ಕಟ್ಟಿಕೊಂಡು ಬಂದದ್ದು ಎಂದು ಯಾರಿಗೂ ಹೇಳಬೇಡ.

ಮಾಳಿಂಗಪ್ಪ ಹೆಳವನ ಕಡೆ ತಿರುಗಿದ. “ಬರೀಬ್ಯಾಡ ಪರಸಪ್ಪ. ಹಿರ್ಯಾ ನಾ ಇರೂ ಮುಂದ ಇಂವ ಯಾರು ಹೇಳಾಂವ?”

ಪರಸಪ್ಪ ಪುಸ್ತಕದ ಅಂಚನ್ನು ನೋಡಿದ. ಆಮೇಲೆ ನನ್ನ ಮುಖ ನೋಡಿದ. “ಇಂವ ಹೇಳಬೌದ್ರಿ ಯಜಮಾನ್ರ. ಇಂವಗ ಹಕ್ಕೈತಿ,” ಅಂದ. ಯಾಕೆ ಎಂದು ಯಾರೂ ಕೇಳಲಿಲ್ಲ. ಕುಲಕರ್ಣಿಯ ಪುಸ್ತಕ ನನ್ನ ಕೈಯಲ್ಲಿದೆ, ಅದಕ್ಕೆ ಇರಬೇಕು ಎಂದು ತಿಳಿದರು. ಜನ್ನತಬಿಯ ಕಾಗದ ಓದಿಸಿದೆ. ಪರಸಪ್ಪ ಟಾಕು ಮಸಿಯಲ್ಲಿ ಅದ್ದಿ, ಒಂದೊಂದೇ ಅಕ್ಷರ ಬಾಯಲ್ಲಿ ಹೇಳುತ್ತ ಬರೆದ. ಬೀರಣ್ಣನ ಹೆಂಡತಿ ಶಂಕ್ರೆವ್ವ, ಅವರ ಮಗಳು ರೇವವ್ವ. ಮಸಿ ಆರಲಿ ಎಂದು ಊದಿದ. ಅಷ್ಟೇ ನಡೆದದ್ದು. ನನಗೆ ಮಾತ್ರ ಬೆವರು ಬಂತು.

ಲಗಮಣ್ಣ ಎಂಟು ದಿನ ಬಿಟ್ಟು ಹೇಳುತ್ತೇವೆ ಅಂದಿದ್ದಾನೆ. ಯಲ್ಲವ್ವ ಮಾತ್ರ ಕಂಬದ ಹತ್ತಿರದಿಂದ, “ಸತ್ತಾಕಿ ಹಡದ ಹುಡುಗಿಗಿಂತ ಬದುಕಿದ್ದಾಕಿ ಹಡದ ಹುಡುಗಿ ವಾಸಿ ಅಲ್ಲೇನೋ ಲಗಮ್ಯಾ,” ಅಂದಳು. ಸಕ್ಕರೆ ಹಂಚಲಿಲ್ಲ. ತಿರುಗಿ ಬರುವಾಗ ಮಾಳಿಂಗಪ್ಪ ಬಸ್ಸಿನ ಮುಂದಿನ ಸೀಟಿನಲ್ಲಿ, ನಾನು ಕಟ್ಟಕಡೆಯ ಸೀಟಿನಲ್ಲಿ. ಊರು ಬರುವವರೆಗೆ ಅವನ ರುಮಾಲು ಒಮ್ಮೆಯೂ ಹಿಂದೆ ತಿರುಗಲಿಲ್ಲ. ತನ್ನ ಮನೆಯ ಕಾರ್ಯಕ್ಕೆ ಇನ್ನು ಮುಂದೆ ನನ್ನನ್ನು ಕರೆಯುವುದಿಲ್ಲ ಎಂದು ಊರಲ್ಲಿ ಹೇಳಿಸಿದ್ದಾನೆ. ಬಿಡು. ಅವನ ಮನೆಯ ಹೋಳಿಗೆಯಲ್ಲಿ ಹೂರಣ ಎಂದೂ ಕಡಿಮೆಯೇ.

ಹಿಪ್ಪರಗಿಯವರು ಹೂಂ ಅಂದರೆ ತಲೆ ಎತ್ತಿಕೊಂಡು ಹೋಗು. ಇಲ್ಲ ಅಂದರೆ ತಲೆ ಎತ್ತಿಕೊಂಡೇ ಮುದ್ದೇಬಿಹಾಳದಲ್ಲಿ ಇರು. ಅವರಿಗಾಗಿ ಈ ಹೆಸರನ್ನು ಇನ್ನು ಯಾರೂ ಮುಚ್ಚಿಡುವುದಿಲ್ಲ. ವೆಂಕೂಬಾಯಿಯವರ ಪುಸ್ತಕ ಕುರಿಗೆ ಸಿಗದಂತೆ ತಿರುಗಿ ಮುಟ್ಟಿಸಿದ್ದೇನೆ. ನಿನ್ನ ಕಾಕಿ ಶೇಂಗಾದ ಹಿಂಡಿ ಕಟ್ಟಿದ್ದಾಳೆ, ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಎಡಗಿವಿ ನೆಟ್ಟಗಿರಲಿ, ನಿನ್ನ ಹಟ ಹೀಗೇ ಇರಲಿ, ನಿನ್ನ ಹೊಟ್ಟೆಯಲ್ಲಿ ಹುಟ್ಟುವವರಿಗೆ ನಿನ್ನ ಹೆಸರು ಹೇಳಲು ಯಾವ ಕಾಕಾನ ಸಾಹಸವೂ ಬೇಕಾಗದಿರಲಿ ಎಂದು ಬೀರಲಿಂಗನಲ್ಲಿ ಬೇಡಿಕೊಳ್ಳುತ್ತೇನೆ.

ನಿನ್ನ ಕಾಕಾ
ಅಮಸಿದ್ದ

ತಾ. ಕ.: ‘ಅಪ್ಪನೇ ಹಾಗೆ ಬರೆಸಿದ’ ಅಂದ ನಿನ್ನ ಮೂರನೇ ಸಾಲಿನ ವಿಷಯ ಉಳಿಯಿತು.

ಹೆಳವ ಹೆಸರು ಬರೆದುಕೊಂಡಾಗ ಅಂಚಿನಲ್ಲಿ ಹೇಳಿದವನ ಹೆಸರನ್ನೂ ಬರೆಯುತ್ತಾನೆ. ಪಕ್ಕದಲ್ಲಿ ಬೇರೆ ಹೆಸರು ಬರೆಸಬೇಕಾದರೆ ಮೊದಲು ಹೇಳಿದವನೇ ಬಂದು ತಿರುಗಿ ಹೇಳಬೇಕು. ಮನಗೂಳಿಯಲ್ಲಿ ಪರಸಪ್ಪ ಅಂದ ಇನ್ನೊಂದು ಮಾತು ಇದೇ. ಹುಚ್ಚವ್ವನ ಮಗಳು ಎಂದು ಬರೆದ ಸಾಲಿನ ಅಂಚಿನಲ್ಲಿ ನಿನ್ನಪ್ಪನ ಹೆಸರಿಲ್ಲ, ರೇವವ್ವ. ನನ್ನದಿದೆ.

ಐವತ್ಮೂರರ ಸುಗ್ಗಿ. ನಿನ್ನಪ್ಪ ಕುರಿ ಹೊಡೆದುಕೊಂಡು ಡೋಣಿ ಹೊಳೆಯ ಕಡೆ ಹೋಗಿದ್ದ. ನನಗೆ ಇಪ್ಪತ್ತೆರಡು, ಹೆಣ್ಣು ನೋಡುತ್ತಿದ್ದರು. ಮನೆಯಲ್ಲಿ ಉಡಿಕೆಯವಳು ಇದ್ದಾಳೆ ಎಂದು ಪುಸ್ತಕದಲ್ಲಿ ಬಂದರೆ ನನಗೆ ಯಾರು ಕೊಡುತ್ತಾರೆ ಅಂದುಕೊಂಡೆ. ಓದು ಬಲ್ಲವನು ಎಂದು ಹೆಳವ ನನ್ನನ್ನೇ ಕೇಳಿದ. ಹಾಗೆ ಹೇಳಿದೆ. ನಿನ್ನ ಕಾಕಿ ಆ ಸಾಲಿನ ಮೇಲೆಯೇ ಈ ಮನೆಗೆ ಬಂದಳು. ನಿನ್ನೆ ಅವಳಿಗೆ ಹೇಳಿದೆ. ರೊಟ್ಟಿ ಬಡಿಸಿ, ಎದುರಿಗೆ ಕೂಡದೆ ಒಳಗೆ ಹೋದಳು.

ನಿನ್ನಪ್ಪನಿಗೆ ಗೊತ್ತಿತ್ತೋ ಇಲ್ಲವೋ ನಾನು ಎಂದೂ ಕೇಳಲಿಲ್ಲ. ನೀನು ಅವನ ಮೇಲೆ ಸಿಟ್ಟಾಗಿ ಊರಿಗೆ ಬರುವುದು ಬಿಟ್ಟಾಗ, ಅವನು ಬಾಗಿಲ ಕಡೆ ನೋಡುತ್ತ ಮಲಗಿದ್ದಾಗ, ನಾನು ಪಕ್ಕದಲ್ಲೇ ಕೂತು ಏನೇನೋ ದೊಡ್ಡ ಮಾತು ಹೇಳಿ ನಗಿಸುತ್ತಿದ್ದೆ. ಇದೊಂದು ಹೇಳಲಿಲ್ಲ. ಹಿಪ್ಪರಗಿಯಲ್ಲಿ ಇಪ್ಪತ್ತು ಜನರ ಮುಂದೆ ಅಷ್ಟು ಮಾತಾಡಿದವನು, ಅಂಚನ್ನೂ ಓದು ಪರಸಪ್ಪ ಅನ್ನಲಿಲ್ಲ. ಯುಗಾದಿ ದಾಟಿದ ಮೇಲೆ ಅವನು ಮುದ್ದೇಬಿಹಾಳದ ಕಡೆ ಬರುತ್ತಾನೆ. ನೀನೇ ಓದಿಸು. ಈಗ ಎರಡೂ ಸಾಲಿನ ಅಂಚಿನಲ್ಲಿ ನನ್ನ ಹೆಸರೇ ಇದೆ.

ನಾನು ಹೆಳವನಿಗೆ ಸುಳ್ಳು ಹೇಳಿದಾಗ ನಿನ್ನವ್ವ ಬಾಗಿಲಲ್ಲಿ ನಿನ್ನನ್ನು ಬಗಲಲ್ಲಿ ಎತ್ತಿಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ಮೊರ ತುಂಬ ಜೋಳ ತಂದು ಪರಸಪ್ಪನ ಜೋಳಿಗೆಗೆ ಸುರಿದಳು. ನನ್ನ ಕಡೆ ನೋಡಲಿಲ್ಲ.

ಮೊನ್ನೆ ಹಿಪ್ಪರಗಿಯಿಂದ ಹೊರಡುವಾಗ, ಹೊಸ ಹೆಸರು ಬರೆದದ್ದಕ್ಕೆ ಎಂದು ಪರಸಪ್ಪನ ಜೋಳಿಗೆಗೆ ಕಾಳು ಹಾಕಲು ಹೋದೆ. ಬಾಯಿ ಕಟ್ಟಿ ಹಿಂದಕ್ಕೆ ಸರಿಸಿದ. “ಒಂದ ಹೆಸರಿಗೆ ಎರಡ ಸಲ ಇಸಗೊಳ್ಳಂಗಿಲ್ಲ,” ಅಂದ. “ಶಂಕ್ರೆವ್ವನ ಹೆಸರಿಂದು ಅವತ್ತ ಮುಟ್ಟೈತಿ.”